ನಾಲ್ಕು ಹಲ್ಲು ಮತ್ತು ನೂರಾಹತ್ತರ ರೀಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅನ್ನದಾನಮ್ಮನ ನಾಲ್ಕು ಹಲ್ಲು. ಮೇಲೆ ಮೂರು, ಕೆಳಗೆ ಒಂದು. ಎಂಬತ್ತೊಂದು ವರ್ಷ ಜೋಳದ ರೊಟ್ಟಿಯನ್ನೂ ಮನೆಯವರ ತಲೆಯನ್ನೂ ತಿಂದು ಉಳಿದವು ಇವಿಷ್ಟೇ. ಈಗ ಅವೂ ಅಲ್ಲಾಡತೊಡಗಿ, ರಾತ್ರಿಯಿಡೀ ಆಕೆಯನ್ನು ನರಳಿಸಿ, ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲದಂತೆ ಮಾಡಿದ್ದವು. ದಾವಣಗೆರೆಯ ಹಲ್ಲಿನ ಡಾಕ್ಟರು ಎರಡು ತಿಂಗಳು ಕಾಯಿಸಿ ಕೊನೆಗೆ, ಸೋಮವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ, ನಾಲ್ಕನ್ನೂ ಕಿತ್ತು ಹೊಸ ಸೆಟ್ಟು ಕೂಡಿಸೋಣ ಎಂದಿದ್ದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅನ್ನದಾನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹೊಸ ರಾಗ ತೆಗೆದಳು.

"ಬೀರಾ, ನಾಳಿ ಹಲ್ಲು ಹೋಗ್ತಾವಲ್ಲ. ಹೋಗೋದ್ರೊಳಗ ನಂದೊಂದು ಫೋಟೋ ತೆಗಿ. ಬಾಯಿ ತುಂಬ ನಗೋ ಫೋಟೋ."

ಬೀರಲಿಂಗೇಶ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜಿನ ಆಪರೇಟರು. ಇಪ್ಪತ್ತು ಟನ್ನಿನ ಲಾರಿಯನ್ನು ಒಂದು ಗುಂಡಿ ಒತ್ತಿ ತೂಗುತ್ತಿದ್ದ. ದೊಡ್ಡವ್ವ ಅನ್ನದಾನಮ್ಮನ ಮುಂದೆ ಮಾತ್ರ ಅವನ ಗುಂಡಿ ಯಾವುದೂ ಕೆಲಸ ಮಾಡುತ್ತಿರಲಿಲ್ಲ. ತಾಯಿ ಇಲ್ಲದ ಕೂಸನ್ನು ಸಾಕಿ, ಓದಿಸಿ, ಮದುವೆ ಮಾಡಿದವಳು ಆಕೆ. ಇಷ್ಟು ವರ್ಷದಲ್ಲಿ ತನಗಾಗಿ ಆಕೆ ಕೇಳಿದ್ದೂ ಇದೊಂದೇ. ಅವನು ಖುಷಿಯಿಂದ ಜೇಬಿನ ಫೋನು ತೆಗೆದ.

"ಇಡು ಅದನ್ನ ಕೆಳಗ!" ದೊಡ್ಡವ್ವ ಹಾವು ಕಂಡವಳಂತೆ ಹಿಂದೆ ಸರಿದಳು. "ಆ ಮೂಲಿಮನಿ ಗೌರಮ್ಮಂದು ಹಿಂಗ ಫೋನಿನ್ಯಾಗ ತೆಗದ್ರು. ಮೂರು ದಿನಕ್ಕ ಸತ್ತಳು. ಅದ ಫೋಟೋಕ್ಕ ಎರಡು ದೀಪ ಹಚ್ಚಿ, ಹೂವು ಹಾಕಿ, ಊರ ಮಂದಿ ಫೋನಿಗೆಲ್ಲ ಕಳ್ಸಿದ್ರು. ನನ್ನ ಮುಖ ಹಂಗ ಮಂದಿ ಕೈಯಾಗ ಹೋಗೋದು ಬ್ಯಾಡ. ನಿಮ್ಮ ದೊಡ್ಡಪ್ಪನ ಕ್ಯಾಮೆರಾ ಐತಲ್ಲ, ಅದ್ರಾಗ ತೆಗಿ. ಅವ್ರು ತೆಗದ ಫೋಟೋದಾಗೆಲ್ಲ ನಾನು ಪೊಲೀಸಿನೋರಂಗ ಬಾಯಿ ಬಿಗಿದು ನಿಂತೀನಿ. ಅತ್ತಿ ಎದುರು ನಗೋಂಗಿದ್ದಿಲ್ಲಲ್ಲ ಆಗ!" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು.

ದೊಡ್ಡಪ್ಪನ ಕ್ಯಾಮೆರಾ ಬೀರಲಿಂಗೇಶನ ಪ್ರಾಣ. ಕನ್ನಡಕದ ಡಬ್ಬಿಯಷ್ಟೇ ಇರುವ, ಅಂಗಿಯ ಜೇಬಿನಲ್ಲಿ ಹಿಡಿಯುವ ಪುಟಾಣಿ ಕ್ಯಾಮೆರಾ. ದೊಡ್ಡಪ್ಪ ಮುಂಬಯಿಯಿಂದ ತಂದಿದ್ದು. ಅದಕ್ಕೆ ನೂರಾಹತ್ತು ನಂಬರಿನ ರೀಲು ಬೇಕು. ರೀಲು ಅಂದರೆ ಸುರುಳಿಯಲ್ಲ, ಒಳಗೇ ಫಿಲ್ಮು ತುಂಬಿ ಮುಚ್ಚಿದ, ಬೆರಳುದ್ದದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಕ್ಯಾಮೆರಾದ ಬೆನ್ನು ತೆಗೆದು ಅದನ್ನು ಒಳಗಿಟ್ಟರೆ ಮುಗಿಯಿತು. ಒಂದು ಡಬ್ಬಿಗೆ ಇಪ್ಪತ್ನಾಲ್ಕು ಫೋಟೋ. ಎಷ್ಟನೆಯದು ನಡೆದಿದೆ ಎಂದು ಹಿಂದಿನ ಸಣ್ಣ ಕಿಟಕಿಯಲ್ಲಿ ನಂಬರು ಕಾಣುತ್ತದೆ. ಬೀರಲಿಂಗೇಶ ಭಾನುವಾರ ಭಾನುವಾರ ಕ್ಯಾಮೆರಾ ಒರೆಸಿ, ಕಣ್ಣಿಗೆ ಹಿಡಿದು, ರೀಲಿಲ್ಲದೆಯೇ ಒಂದೆರಡು ಸಲ ಕ್ಲಿಕ್ ಅನ್ನಿಸಿ ಒಳಗಿಡುತ್ತಿದ್ದ. ಅದರಲ್ಲೂ ಒಂದು ಕೊರತೆ. ಅವನಿಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದೂ ನಂಟಸ್ತನ ಬಿಡದೆ ಮುಚ್ಚಿಕೊಳ್ಳುತ್ತಿತ್ತು.

ರೀಲು ಸಿಗದೆ ಹದಿನೈದು ವರ್ಷದ ಮೇಲಾಗಿತ್ತು. ಆದರೂ ಅವನು ನೇರ ಅಬ್ದುಲ್ ವಹಾಬನ ಅಂಗಡಿಗೆ ಓಡಿದ. ವಹಾಬ ಒಂದು ಕಾಲಕ್ಕೆ ಊರಿನ ದೊಡ್ಡ ಫೋಟೋ ಸ್ಟುಡಿಯೋದ ಮಾಲೀಕ. ಈಗ ಜೆರಾಕ್ಸು ತೆಗೆಯುತ್ತ, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಚ್ಚಿಕೊಡುತ್ತ ಕೂತಿದ್ದ.

"ನೂರಾಹತ್ತು?" ವಹಾಬ ಕನ್ನಡಕ ಮೇಲೇರಿಸಿದ. "ಅರೆ ಭಾಯ್, ಈ ಕಾಲದಾಗ? ತಡೀರಿ ತಡೀರಿ. ಕೊಟ್ಟೂರಾಗ ಸ್ಟುಡಿಯೋ ಕರಿಸಿದ್ದಪ್ಪ ಅಂತ ಅದಾನ. ಅವ್ನ ಫ್ರಿಜ್ಜಿನ್ಯಾಗ ಒಂದಿತ್ತು. ಬೆಣ್ಣಿ ಡಬ್ಬಿ ಹಿಂದ ಇಟ್ಟಿದ್ದ. ಇದ್ರ ತರ್ರಿ. ತೊಳೆಯೋ ಜವಾಬ್ದಾರಿ ನಂದು."

ಎಂಟರ ಬಸ್ಸು ಹೊರಡುವುದರಲ್ಲಿತ್ತು. ಬೀರಲಿಂಗೇಶ ಮನೆಗೆ ಬಂದು, ಕ್ಯಾಮೆರಾ ಜೇಬಿಗಿಳಿಸಿ, "ರೀಲು ತರಾಕ ಹೊಂಟೀನಿ" ಎಂದು ಕೂಗಿ ಓಡಿದ. ಫೋನು ಕಿಟಕಿಯಲ್ಲಿ ಚಾರ್ಜಿಗಿಟ್ಟಿದ್ದು ಹಾಗೇ ಉಳಿಯಿತು.

ಅವನ ಕೂಗು ಹೆಂಡತಿ ಸುಕನ್ಯಾಳಿಗೆ ಕೇಳಿತೋ ಇಲ್ಲವೋ, ಪಕ್ಕದ ಮನೆಯ ಪುಷ್ಪಲತಾಗೆ ಸ್ಪಷ್ಟವಾಗಿ ಕೇಳಿತು. ಪುಷ್ಪಲತಾ ಪರೋಪಕಾರಿ. ಯಾರ ಮನೆಯಲ್ಲಿ ಏನು ಕಡಿಮೆಯಾದರೂ ಆಕೆಗೆ ಅನ್ನ ಇಳಿಯುತ್ತಿರಲಿಲ್ಲ. ಆಕೆಯ ನೆಂಟರಿಲ್ಲದ ಊರಿಗೆ ಬಸ್ಸೇ ಹೋಗುತ್ತಿರಲಿಲ್ಲ. ಸುಕನ್ಯಾಳನ್ನು ಕೇಳಿ ವಿಷಯ ತಿಳಿದುಕೊಂಡವಳೇ ಕೂಡ್ಲಿಗಿಯಿಂದ ಹಡಗಲಿಯವರೆಗೆ ಫೋನು ಹಚ್ಚಲು ಕೂತಳು.

ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರಾಗಿ ಬೀರಲಿಂಗೇಶ ಕೊಟ್ಟೂರು ಮುಟ್ಟುವಾಗ ಹತ್ತಾಗಿತ್ತು. ಕರಿಸಿದ್ದಪ್ಪನ ಸ್ಟುಡಿಯೋದಲ್ಲೀಗ ಬಳೆ, ಟೇಪು, ಪಿನ್ನು ಮಾರುತ್ತಿದ್ದರು.

"ರೀಲೇನೋ ಇತ್ತು ನೋಡ್ರಿ," ಕರಿಸಿದ್ದಪ್ಪ ಮರುಕದಿಂದ ನಾಲಿಗೆ ಲೊಚಗುಟ್ಟಿದ. "ಇಪ್ಪತ್ತು ವರ್ಷ ಯಾರೂ ಕೇಳಿದ್ದಿಲ್ಲ. ಇವತ್ತು ಮುಂಜಾನಿ ಎರ್ರೆಮ್ಮ ಅಂತ ಒಬ್ಬ ಹೆಣ್ಮಗಳು ಬಂದು ಒಯ್ದುಬಿಟ್ಟಳು. ಯಾವುದೋ ಊರಾಗ ಯಾರೋ ಮುದುಕಿಗೆ ಆಪರೇಷನ್ ಅಂತ. ಅದ್ರೊಳಗ ಫೋಟೋ ತೆಗೀಬೇಕಂತ."

ಬೀರಲಿಂಗೇಶ ಬಳೆಗಳ ಮೇಲೆಯೇ ಮುಂದಕ್ಕೆ ಬಗ್ಗಿದ. ಇಪ್ಪತ್ತು ವರ್ಷ ಬೆಣ್ಣೆ ಡಬ್ಬಿಯ ಹಿಂದೆ ಯಾರಿಗೂ ಬೇಡವಾಗಿ ಬಿದ್ದಿದ್ದ ರೀಲಿಗೆ ಇವತ್ತೇ ಒಬ್ಬ ಪೈಪೋಟಿಗಾರ ಹುಟ್ಟಿಕೊಂಡನೇ? "ಎಲ್ಲಿಗೆ ಒಯ್ದ್ರು?"

"ಹಗರಿಬೊಮ್ಮನಹಳ್ಳಿ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟು ಕಳ್ಸಿದಳು. ಹೋಗಬೇಕಾದ್ದು ಬ್ಯಾರೆ ಊರಿಗಂತ. ಆದ್ರ ಆ ಬಸ್ಸಿನ ಡ್ರೈವರ್ ಗುರುತಿಲ್ಲಂತ, ಈ ಡ್ರೈವರ್ ಸಂಬಂಧಿಕನಂತ."

ನಮ್ಮ ಕಡೆ ಇದು ರೂಢಿ ನೋಡಿ. ಸಾಮಾನು ಯಾವ ದಿಕ್ಕಿಗೆ ಹೋಗಬೇಕು ಅನ್ನುವುದಕ್ಕಿಂತ ಡ್ರೈವರು ನಮ್ಮವನೋ ಅಲ್ಲವೋ ಅನ್ನುವುದು ಮುಖ್ಯ. ನಮ್ಮವನ ಕೈಯಲ್ಲಿದ್ದರೆ ಎಲ್ಲಿಗೆ ಹೋದರೂ ಚಿಂತೆಯಿಲ್ಲ.

"ರೀಲು ಇಲ್ದಿದ್ರ ಏನಾತು, ಕ್ಯಾಮೆರಾ ಒಯ್ರಿ," ಎಂದು ಕರಿಸಿದ್ದಪ್ಪ ಶೋಕೇಸಿನಿಂದ ಅಂಥದೇ ಒಂದು ಪುಟಾಣಿ ತೆಗೆದು ಅವನ ಕೈಗೆ ತುರುಕಿದ. ಬೇಡವೆಂದರೂ ಕೇಳಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ವಿಚಾರಿಸಿದಾಗ, ಡ್ರೈವರು ಪೊಟ್ಟಣವನ್ನು ಬೀಜ-ಗೊಬ್ಬರದ ಅಂಗಡಿಯ ಬಸವೇಶನಿಗೆ ಕೊಟ್ಟದ್ದು ತಿಳಿಯಿತು. ಬಸವೇಶ ಎರ್ರೆಮ್ಮನ ಅಳಿಯ. ಬೀರಲಿಂಗೇಶ ಅಂಗಡಿ ಮೆಟ್ಟಿಲು ಹತ್ತಿದಾಗ ಅವನು ಟ್ರಾಕ್ಟರಿನ ಮುಂದೆ ನಿಂತು, ಹೊಸ ಮದುಮಗನಂತೆ ತಲೆ ಬಾಚಿಕೊಳ್ಳುತ್ತಿದ್ದ.

"ಈಗ ಅರ್ಧ ತಾಸಾತು ನೋಡ್ರಿ, ಹಡಗಲಿ ಗಿಡ್ಡಮ್ಮಗ ಕಳ್ಸೀನಿ," ಎಂದ ಬಸವೇಶ. "ಹೂವಿನ ವ್ಯಾಪಾರದ ಗಿಡ್ಡಮ್ಮ. ಅವ್ರ ಅಳಿಯನ ಟೆಂಪೋ ಮಲ್ಲಿಗಿ ಹೂವು ಹಾಕ್ಕೊಂಡು ಮಧ್ಯಾಹ್ನ ಹೊಂಡ್ತತಿ. ಪಾಪ, ಆ ಮುದುಕಿಗೆ ಆಪರೇಷನ್ ಆದ್ರೂ ಉಳಿಯೋದು ಕಷ್ಟ ಅಂತ. ಕಡೀ ಆಸಿ ಅಂತ ಒಂದು ಫೋಟೋ ಕೇಳ್ಯಾಳಂತ."

"ಯಾವೂರಾಕಿ?"

"ಅದು ಕೇಳ್ಲಿಲ್ರಿ. ಸಾಯೋರ ಊರು ತಗೊಂಡು ಏನ್ಮಾಡೋದು? ನಿಮಗ ಕ್ಯಾಮೆರಾ ಬೇಕೇನು? ನಮ್ಮಪ್ಪಂದು ಒಂದು ಐತಿ, ಇದ ನಮೂನಿದು. ರೀಲು ಇಲ್ದ ಸುಮ್ನ ಬಿದ್ದೈತಿ."

ಬೀರಲಿಂಗೇಶ ಮೂರನೆಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಹಡಗಲಿ ಬಸ್ಸು ಹತ್ತಿದ. ಮನೆಗೆ ಫೋನು ಮಾಡೋಣವೆಂದರೆ ಒಂದು ನಂಬರೂ ಬಾಯಿಗೆ ಬರಲಿಲ್ಲ. ನೆನಪಿದ್ದದ್ದು ವೇಬ್ರಿಡ್ಜಿನ ಹಳೆಯ ಲ್ಯಾಂಡ್‌ಲೈನ್ ನಂಬರೊಂದೇ, ಅದನ್ನು ಕಿತ್ತೇ ಎಂಟು ವರ್ಷವಾಗಿತ್ತು.

ಹಡಗಲಿಯಲ್ಲಿ ಗಿಡ್ಡಮ್ಮ ಮಲ್ಲಿಗೆ ಬುಟ್ಟಿಗಳ ನಡುವೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಗುರುತು ಪರಿಚಯವಿಲ್ಲದ ಮುದುಕಿಗಾಗಿ ಆಕೆಗೆ ಅಳು ಬಂದಿತ್ತು.

"ಇವತ್ತು ರಾತ್ರಿ ದಾಟಂಗಿಲ್ಲಂತ ಯಪ್ಪಾ. ಬಾಯಾಗ ನೀರು ಬಿಡಾಕ ಹತ್ಯಾರಂತ. ಆದ್ರೂ ಜೀವ ಹೋಗವಲ್ದಂತ. ಫೋಟೋ ತೆಗೀಲಿ ಅಂತ ತಡಕೊಂಡಾಳಂತ." ಬುಟ್ಟಿಯೊಳಗಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಪೊಟ್ಟಣ ತೆಗೆದಳು. "ಇದ ನೋಡ್ರಿ ಅದು. ಅಷ್ಟು ದೂರದಿಂದ ಇದಕ್ಕಂತ ಬಂದೀರಿ. ನಿಮಗೂ ಅಷ್ಟೇ ಜರೂರು ಇದ್ರ ಒಯ್ರಿ. ನಾನು ಬಸವೇಶಗ ಏನರ ಹೇಳ್ತೀನಿ."

ಪೊಟ್ಟಣ ಬೀರಲಿಂಗೇಶನ ಅಂಗೈಮೇಲೆ ಬಂತು. ಬೆಳಗಿನಿಂದ ಮೂರು ಊರು ಅಲೆದು, ಬಿಸಿಲಿಗೆ ಬೆಂದು, ಒಂದು ಮಿರ್ಚಿ ಬಜ್ಜಿಯನ್ನೂ ತಿನ್ನದೆ ಹುಡುಕಿದ್ದು ಇದನ್ನೇ. ಬೆರಳು ಮಡಚಿದರೆ ಅವನದು. ದೊಡ್ಡವ್ವನ ನಾಲ್ಕು ಹಲ್ಲು ಕಣ್ಣಮುಂದೆ ಬಂದವು. ಹಿಂದೆಯೇ, ಎಲ್ಲೋ ಒಂದು ಮನೆಯಲ್ಲಿ ಬಾಗಿಲ ಕಡೆ ನೋಡುತ್ತ ಮಲಗಿದ ಹೆಸರಿಲ್ಲದ ಮುದುಕಿಯೂ ಬಂದಳು. ಅವನಿಗೂ ಅಳು ಬಂದುಬಿಟ್ಟಿತು.

"ಬ್ಯಾಡವ್ವ," ಎಂದು ಪೊಟ್ಟಣವನ್ನು ಎರಡೂ ಕಣ್ಣಿಗೊತ್ತಿಕೊಂಡು ವಾಪಸು ಬುಟ್ಟಿಯಲ್ಲಿಟ್ಟ. "ನಮ್ಮ ದೊಡ್ಡವ್ವಂದು ಬರೇ ಹಲ್ಲು. ಆಕಿದು ಜೀವ."

"ದೇವರಂತೋರು ನೀವು," ಎಂದಳು ಗಿಡ್ಡಮ್ಮ. ದೇವರಂಥವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಮೊಳ ಮಲ್ಲಿಗೆಯನ್ನೂ, ಮಗಳ ಮನೆಯಿಂದ ತರಿಸಿಕೊಂಡಿದ್ದ ಹಳೇ ಪುಟಾಣಿ ಕ್ಯಾಮೆರಾವನ್ನೂ ಕೊಟ್ಟಳು.

ಹರಪನಹಳ್ಳಿಗೆ ಬಸ್ಸಿರಲಿಲ್ಲ. ಗಿಡ್ಡಮ್ಮನ ಅಳಿಯ ಹುಲುಗಣ್ಣನ ಟೆಂಪೋ ಹರಪನಹಳ್ಳಿ ಮೇಲೆಯೇ ದಾವಣಗೆರೆಗೆ ಹೋಗುವುದಿತ್ತು. ಬೀರಲಿಂಗೇಶ ಹೂವಿನ ಬುಟ್ಟಿಗಳ ನಡುವೆ ಕೂತ. ರೀಲು ಅವನ ಮೊಣಕಾಲಿಗೆ ತಾಗಿಕೊಂಡೇ ಪ್ರಯಾಣ ಮಾಡಿತು. ಅವನು ಮುಟ್ಟಲಿಲ್ಲ.

"ಇದನ್ನ ಎಲ್ಲಿ ಇಳಿಸ್ತೀರಿ?" ಎಂದು ಕೇಳಿದ.

"ಹರಪನಹಳ್ಳ್ಯಾಗ ರೀ. ಒಂದು ಫೋನ್ ನಂಬರ್ ಕೊಟ್ಟಾರ, ಊರು ಮುಟ್ಟಿ ಮಾಡ್ಬೇಕು."

"ನೋಡಪಾ!" ಬೀರಲಿಂಗೇಶನಿಗೆ ನಾಚಿಕೆಯಾಯಿತು. "ನಮ್ಮೂರಾಗ ಒಬ್ಬಾಕಿ ಮುದುಕಿ ಹಿಂಗ ಸಾಯಾಕ ಹತ್ಯಾಳ, ನಮಗ ಗೊತ್ತs ಇಲ್ಲ. ಎಂಥಾ ಮನುಷ್ಯರಾದ್ವಿ ನಾವು!"

ಬಸ್ ನಿಲ್ದಾಣದಲ್ಲಿ ಇಳಿದು, ದೊಡ್ಡವ್ವನ ಸಮಾಧಾನಕ್ಕೆಂದು ಅರ್ಧ ಡಜನ್ ಮೆತ್ತನೆಯ ಬಾಳೆಹಣ್ಣು ತೆಗೆದುಕೊಂಡು ಮನೆ ದಾರಿ ಹಿಡಿದ. ಏನೆಂದು ಮುಖ ತೋರಿಸುವುದು? ಬೀದಿಯ ತಿರುವಿನಲ್ಲಿ ಅವನ ಕಾಲು ನಿಂತೇಹೋಯಿತು. ಮನೆ ಮುಂದೆ ಜನ. ಮೂವತ್ತು ನಲವತ್ತು ಜೊತೆ ಚಪ್ಪಲಿ. ಹೂವಿನ ಟೆಂಪೋ. ಯಾರೋ ಹೆಂಗಸು ಜೋರಾಗಿ ಅಳುತ್ತಿದ್ದಳು.

"ಅಯ್ಯೋ ದೊಡ್ಡವ್ವಾ!" ಎಂದು ಬಾಳೆಹಣ್ಣು ಅಲ್ಲೇ ಎಸೆದು ಜನರನ್ನು ತಳ್ಳಿಕೊಂಡು ನುಗ್ಗಿದ.

ದೊಡ್ಡವ್ವ ಕಟ್ಟೆಯ ಮೇಲೆ ಕಂಬಕ್ಕೊರಗಿ ಕೂತು, ಸುತ್ತಲಿದ್ದವರನ್ನು ಬೈಯುತ್ತಿದ್ದಳು.

"ಇನ್ನ ಎಷ್ಟು ಮಂದಿ ಬರ್ತೀರಿ? ಹಲ್ಲು ಕೀಳ್ಸಾಕ ಹೊಂಟೀನಿ ಅಂದ್ರ ಗುಂಡಿ ತೋಡಾಕ ಬಂದೀರೇನು! ಆ ಎರ್ರೆಮ್ಮ ಕೊಟ್ಟೂರಿಂದ ಬಂದು ನನ್ನ ಕಾಲು ಹಿಡಿದು ಅಳಾಕ ಹತ್ಯಾಳ. ಯಾರಾಕಿ ಆಕಿ? ನಾನು ಒಂದು ದಿನ ಕಂಡಾಕಿ ಅಲ್ಲ!"

"ನಮ್ಮಕ್ಕ ಅತ್ತಿ, ನಮ್ಮಕ್ಕ," ಎಂದು ಪುಷ್ಪಲತಾ ನಡುವೆ ಬಂದಳು. ಬೀರಲಿಂಗೇಶನನ್ನು ಕಂಡದ್ದೇ ಮುಖ ಅರಳಿತು. "ಬರ್ರಿ ಅಣ್ಣಾ! ಎಲ್ಲಿ ಹೋಗಿದ್ರಿ? ನಿಮ್ಮ ರೀಲು ತರಿಸೀನಿ ನೋಡ್ರಿ. ನಮ್ಮಕ್ಕ, ನಮ್ಮಕ್ಕನ ಅಳಿಯ, ಗಿಡ್ಡಮ್ಮ, ಎಲ್ಲಾರೂ ಸೇರಿ ತಂದ್ವಿ!"

ಹುಲುಗಣ್ಣ ಒದ್ದೆ ಬಟ್ಟೆಯ ಪೊಟ್ಟಣ ಮುಂದೆ ಹಿಡಿದ. ಬೀರಲಿಂಗೇಶ ಅದನ್ನು ನೋಡಿದ, ದೊಡ್ಡವ್ವನನ್ನು ನೋಡಿದ. ಬೆಳಗಿನಿಂದ ತಾನು ಬೆನ್ನು ಹತ್ತಿದ್ದು ಯಾರ ರೀಲನ್ನು, ಕಣ್ಣೀರು ಹಾಕಿದ್ದು ಯಾರಿಗೆ ಎಂಬುದು ನಿಧಾನವಾಗಿ ತಲೆಗಿಳಿಯಿತು. ಅವನು ಕಟ್ಟೆಯ ಮೇಲೆ ಕುಸಿದು ಕೂತ. ಸುಕನ್ಯಾ ಒಂದು ಲೋಟ ನೀರು ಕೊಟ್ಟಳು.

ಜೊತೆಗೆ ಫೋನನ್ನೂ ಕೊಟ್ಟಳು. "ಅರವತ್ತೆರಡು ಕಾಲ್ ಬಂದಾವ," ಎಂದಳು.

ಅಷ್ಟರಲ್ಲಿ ವಹಾಬನೂ ಬಂದಿದ್ದ. ಬಟ್ಟೆ ಬಿಚ್ಚಿ ಡಬ್ಬಿ ತೆಗೆದು, ಹಿಂದಿನ ಕಿಟಕಿ ನೋಡಿ ಹುಬ್ಬೇರಿಸಿದ. "ಭಾಯ್, ಇದ್ರಾಗ ಇಪ್ಪತ್ಮೂರು ಫೋಟೋ ತೆಗದಾರ. ಉಳಿದದ್ದು ಒಂದs ಒಂದು."

ಎರ್ರೆಮ್ಮ ಕಣ್ಣೊರೆಸಿಕೊಳ್ಳುತ್ತ, "ಹಳೇ ರೀಲು. ನಡೀತತೋ ಇಲ್ಲೋ ಅಂತ ನಮ್ಮನಿ ಕ್ಯಾಮೆರಾದಾಗ ಹಾಕಿ ಒಂದೆಂಟು ತೆಗದು ನೋಡಿದ್ವಿ. ಸಾಯೋರಿಗೆ ಕೆಟ್ಟ ರೀಲು ಕೊಡಬಾರದಲ್ರಿ," ಎಂದಳು. ಬಸವೇಶ ಕೂಡ ಹಾಗೇ ಪರೀಕ್ಷೆ ಮಾಡಿದ್ದನಂತೆ, ಟ್ರಾಕ್ಟರಿನ ಮುಂದೆ ಹತ್ತು ಸಲ. ಗಿಡ್ಡಮ್ಮನ ಮನೆಯವರು ಐದು ಸಲ. ರೀಲು ಚೆನ್ನಾಗಿದೆ ಎಂದು ಮೂರು ಊರಿನವರೂ ಖಾತ್ರಿ ಮಾಡಿ ಕಳಿಸಿದ್ದರು.

ಬೈಯಲು ಸಮಯವಿರಲಿಲ್ಲ, ಬಿಸಿಲು ಇಳಿಯುತ್ತಿತ್ತು. ಬೀರಲಿಂಗೇಶ ರೀಲನ್ನು ದೊಡ್ಡಪ್ಪನ ಕ್ಯಾಮೆರಾಕ್ಕೆ ಹಾಕಿ, ಕಿಟಕಿಯಲ್ಲಿ ಇಪ್ಪತ್ನಾಲ್ಕು ಬರುವವರೆಗೆ ತಿರುಗಿಸಿದ. ಪುಷ್ಪಲತಾ ದೊಡ್ಡವ್ವನ ಪಕ್ಕಕ್ಕೆ ಬಂದು ನಿಂತಳು. ಅವಳ ಪಕ್ಕಕ್ಕೆ ಎರ್ರೆಮ್ಮ.

"ಸರೀರಿ!" ಎಂದು ಬೀರಲಿಂಗೇಶ ಜನ್ಮದಲ್ಲಿ ಮೊದಲ ಸಲ ಗದರಿದ. ಇಬ್ಬರೂ ಸರಿದರು.

"ದೊಡ್ಡವ್ವಾ, ನಗು."

"ಎದಕ್ಕ ನಗ್ಲಿ?" ಆಕೆಯ ಮುಖ ಮತ್ತೆ ಪೊಲೀಸಿನವರಂತಾಗಿತ್ತು. "ಜೀವಂತ ಇದ್ದಾಗಲೇ ನೆರೆದು ಅಳ್ತಾರ, ನಗು ಅಂತಾನ ಇವ. ನೀನರ ಎಲ್ಲಿ ಸತ್ತಿದ್ದಿ ಇಷ್ಟೊತ್ತು?"

"ಹಡಗಲ್ಯಾಗಿದ್ದೆ. ಈ ರೀಲು ನನ್ನ ಕೈಯಾಗ ಬಂದಿತ್ತು ದೊಡ್ಡವ್ವಾ. ಒಯ್ಯಪ್ಪ ಅಂದ್ರು. ನಾನs ವಾಪಸು ಕೊಟ್ಟೆ."

"ಯಾಕ?"

"ಯಾರೋ ಮುದುಕಿ ಸಾಯಾಕ ಹತ್ಯಾಳ, ಆಕಿಗೆ ಬೇಕು ಅಂದ್ರು. ಪಾಪ ಅನ್ನಿಸ್ತು. ಅತ್ತುಬಿಟ್ಟೆ."

ದೊಡ್ಡವ್ವ ಒಂದು ಗಳಿಗೆ ಅವನನ್ನೇ ನೋಡಿದಳು. "ಯಾವ ಮುದುಕಿ? ನಾನs?" ಎಂದಳು. ಆಮೇಲೆ ಹೊಟ್ಟೆಯೊಳಗಿಂದ ಬಂದ ನಗು ಆಕೆಯ ಭುಜ ಅಲ್ಲಾಡಿಸಿತು, ಕಂಬ ಅಲ್ಲಾಡಿಸಿತು. ಬೀದಿಗೆ ಬೀದಿಯೇ ಬೀರಲಿಂಗೇಶನ ಕಡೆ ತಿರುಗಿ ಹೋ ಎಂದು ನಕ್ಕಿತು. ಇದೇ ಸಮಯ! ಬೀರಲಿಂಗೇಶ ಗುರಿ ಹಿಡಿದು, ಒಂದು ಕಣ್ಣು ಮುಚ್ಚಿದ. ಇನ್ನೊಂದೂ ಮುಚ್ಚಿಕೊಂಡಿತು. ಕ್ಲಿಕ್.

"ಸಿಕ್ತು!" ಎಂದು ಕುಣಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನೋಡುವವರೆಗೆ ದೊಡ್ಡವ್ವ ಮಲಗುವುದಿಲ್ಲ ಎಂದಳು. ವಹಾಬ ಬೀರಲಿಂಗೇಶನ ಬಚ್ಚಲುಮನೆಯಲ್ಲೇ, ಬಾಗಿಲ ಸಂದಿಗೆಲ್ಲ ಕಂಬಳಿ ತುರುಕಿ, ತನ್ನ ಹಳೇ ತೊಳೆಯುವ ಡಬ್ಬಿ ಇಟ್ಟುಕೊಂಡು ಕೂತ. ಔಷಧಿ ಇಲ್ಲದಿದ್ದರೂ ನಡೆಯುತ್ತದೆ, ಕಾಫಿಪುಡಿ, ಬಟ್ಟೆ ಸೋಡಾ, ವಿಟಮಿನ್ ಗುಳಿಗೆ ಸಾಕು, ಚಿತ್ರ ಅಳಿಯದಂತೆ ಹಿಡಿಯುವ ಹೈಪೋ ನನ್ನ ಹತ್ತಿರ ಇದೆ ಎಂದ.

"ಹಾಲು, ಸಕ್ಕರಿ ಬ್ಯಾಡೇನ್ರಿ?" ಎಂದು ಪುಷ್ಪಲತಾ ಬಾಗಿಲಾಚೆಯಿಂದ ಕೇಳಿದಳು.

ಒಂದೂವರೆ ತಾಸಿಗೆ ವಹಾಬ ಹೊರಬಂದ. ಕೈಯಲ್ಲಿ ಲಾಡಿಯಷ್ಟೇ ಅಗಲದ ಒದ್ದೆ ಫಿಲ್ಮು. ಅದರಲ್ಲಿ ಉಗುರಿನಷ್ಟು ಉಗುರಿನಷ್ಟು ಚಿತ್ರ. ಟ್ಯೂಬ್‌ಲೈಟಿಗೆ ಹಿಡಿದು, ಭೂತಕನ್ನಡಿ ಇಟ್ಟು, ಎಕ್ಸ್‌ರೇ ನೋಡುವ ಡಾಕ್ಟರಂತೆ ಓದತೊಡಗಿದ. ಬೀದಿಯವರೆಲ್ಲ ಉಸಿರು ಹಿಡಿದು ನಿಂತರು.

"ಎರ್ರೆಮ್ಮಾರು ಎಮ್ಮಿ ಕೂಡ. ಫಸ್ಟ್ ಕ್ಲಾಸ್ ಬಂದೈತಿ. ಎಮ್ಮಿ ಒಂದs. ಇದು ಟ್ರಾಕ್ಟರ್. ಟ್ರಾಕ್ಟರ್. ಬಸವೇಶ, ಟ್ರಾಕ್ಟರ್. ಏನ್ ಶಾರ್ಪ್ ಬಂದೈತ್ರಿ, ನಂಬರ್ ಪ್ಲೇಟ್ ಓದಬಹುದು. ಇದು ಹೂವಿನ ಬುಟ್ಟಿ, ಒಂದೊಂದು ಮೊಗ್ಗು ಎಣಿಸಬಹುದು." ಇಪ್ಪತ್ಮೂರೂ ಒಂದಕ್ಕಿಂತ ಒಂದು ಚೆನ್ನಾಗಿ ಬಂದಿದ್ದವು. ಕೊನೆಯದಕ್ಕೆ ಬಂದು ವಹಾಬ ಭೂತಕನ್ನಡಿ ಒರೆಸಿ ಮತ್ತೆ ಇಟ್ಟ.

"ಓದ್ರಿ!" ಎಂದ ಬೀರಲಿಂಗೇಶ.

"ಕಂಬ ಐತಿ. ಅಮ್ಮಾರ ಹಣಿ, ಮೂಗುಬೊಟ್ಟು ಐತಿ. ಕಣ್ಣು ಎಷ್ಟು ಚೆಂದ ನಗಾಕ ಹತ್ಯಾವ ನೋಡ್ರಿ..."

"ಹಲ್ಲು?" ಎಂದಳು ದೊಡ್ಡವ್ವ.

ವಹಾಬ ಭೂತಕನ್ನಡಿ ಕೆಳಗಿಳಿಸಿದ. "ಸೆರಗು ಐತಿ ಅಮ್ಮಾ. ಕಣ್ಣಿನ ಕೆಳಗೆಲ್ಲ ಬರೇ ಸೆರಗು."

ಎಂಬತ್ತೊಂದು ವರ್ಷದಲ್ಲಿ ಆಕೆ ಸೆರಗು ಬಾಯಿಗೆ ಹಿಡಿಯದೆ ನಕ್ಕಿದ್ದೇ ಇಲ್ಲ ಎಂಬುದು ಆ ಗಳಿಗೆಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಕ್ಲಿಕ್ ಆಗುವಾಗ ಎಲ್ಲರೂ ನಗುತ್ತ ಬೀರಲಿಂಗೇಶನನ್ನು ನೋಡುತ್ತಿದ್ದರು. ಬೀರಲಿಂಗೇಶ ಎರಡೂ ಕಣ್ಣು ಮುಚ್ಚಿಕೊಂಡಿದ್ದ.

ದೊಡ್ಡವ್ವ ಗಲ್ಲ ಹಿಡಿದುಕೊಂಡು ಒಮ್ಮೆ ನರಳಿದಳು. ಆಮೇಲೆ ಕಾಲು ಚಾಚಿ ಹಾಸಿಗೆಯ ಮೇಲೆ ಮಲಗಿ ಕಂಬಳಿ ಎಳೆದುಕೊಂಡಳು.

"ಬೀರಾ, ನಾಳಿ ದಾವಣಗೇರಿ ಬ್ಯಾಡ. ಇನ್ನೊಂದು ರೀಲು ಸಿಗೋತನಕ ಈ ಹಲ್ಲು ಕೀಳ್ಸಂಗಿಲ್ಲ. ಎಷ್ಟು ನೋವಾದ್ರೂ ತಡಕೊಂತೀನಿ."

ಸುಕನ್ಯಾ ಗಂಡನ ಕಡೆ ನೋಡಿದಳು. ನೋವು ತಡೆದುಕೊಳ್ಳುವುದು ದೊಡ್ಡವ್ವ, ರಾತ್ರಿಯೆಲ್ಲ ಎದ್ದು ಕೂಡುವುದು ಯಾರು ಎಂಬುದು ಆ ನೋಟದಲ್ಲಿತ್ತು. ಬೀರಲಿಂಗೇಶ ಮೇಜಿನ ಮೇಲೆ ಸಾಲಾಗಿ ಕೂತ ನಾಲ್ಕು ಕ್ಯಾಮೆರಾಗಳನ್ನು ನೋಡುತ್ತ ನಿಂತ. ಆಗ ಫೋನು ಬಂತು. ಹಗರಿಬೊಮ್ಮನಹಳ್ಳಿಯ ಬಸವೇಶ.

"ಅಣ್ಣಾರ, ಟ್ರಾಕ್ಟರ್ ಫೋಟೋ ಭಾಳ ಚಲೋ ಬಂದಾವಂತಲ್ಲ! ಇಲ್ಲಿ ನಮ್ಮ ಓಣಿಯೋರೆಲ್ಲ ಟ್ರಂಕಿನ್ಯಾಗಿದ್ದ ಕ್ಯಾಮೆರಾ ಹೊರಗ ತೆಗದಾರ. ಆಗ್ಲೇ ಎಲ್ಲಾ ಊರಿಗೂ ಮಂದಿ ಕಳ್ಸೀವಿ, ಎಲ್ಲಿ ರೀಲು ಕಂಡ್ರೂ ಹಿಡದುಬಿಡ್ತಾರ. ನಿಮ್ಮ ಹತ್ರ ಇನ್ನೊಂದೇನರ ಐತೇನ್ರಿ?"